ಕಾಂತೀಯ ಜೋಡಿ ನಕ್ಷತ್ರಗಳನ್ನು ರೇಡಿಯೊದಲ್ಲಿ ನೋಡುವುದು ಹೇಗೆ?

ಕಾಂತೀಯ ಕ್ಯಾಟಕ್ಲಿಸ್ಮಿಕ್ ವೇರಿಯಬಲ್ ನಕ್ಷತ್ರಗಳನ್ನು ರೇಡಿಯೊದಲ್ಲಿ ಹುಡುಕಲು ಹೊರಟವರು ಮೊದಲು ಕೇಳೋದು ಒಂದೇ ಪ್ರಶ್ನೆ: ಚಿತ್ರದಲ್ಲಿ ಚುಕ್ಕೆ ಕಾಣ್ತಿದೆಯಾ, ಇಲ್ವಾ? ಅದಕ್ಕಿಂತ ಮುಖ್ಯವಾದ ಪ್ರಶ್ನೆಗಳು ಎರಡಿವೆ. ಯಾವ ಹೊತ್ತಿನಲ್ಲಿ ಕಾಣಿಸಿತು? ಎಡ ಮತ್ತು ಬಲ ವೃತ್ತೀಯ ಧ್ರುವೀಕರಣದ (ಅಲೆಯ ವಿದ್ಯುತ್ ಕ್ಷೇತ್ರ ಎಡಕ್ಕೋ ಬಲಕ್ಕೋ ಸುರುಳಿಯಂತೆ ತಿರುಗುತ್ತಾ ಬರೋದು) ನಡುವೆ ಎಷ್ಟು ವ್ಯತ್ಯಾಸ ಇತ್ತು? ಈ ನಕ್ಷತ್ರಗಳು ಹತ್ತು ನಿಮಿಷ ಜೋರಾಗಿ ಮಿಂಚಿ ಆಮೇಲೆ ಗಂಟೆಗಟ್ಟಲೆ ಸುಮ್ಮನೆ ಇದ್ದುಬಿಡಬಹುದು. ಇಡೀ ರಾತ್ರಿಯ ಡೇಟಾವನ್ನು ಕಲಸಿ ಒಂದೇ ಚಿತ್ರ ಮಾಡಿ "ಏನೂ ಸಿಗಲಿಲ್ಲ" ಅಂತ ಬರೆದರೆ, ಸಿಕ್ಕಿದ್ದನ್ನೂ ಕಳೆದುಕೊಂಡಂತೆ. ಹಾಗಾಗಿ ಈ ಬರಹದಲ್ಲಿ ನಾನು ಒಂದೇ ವಿಷಯಕ್ಕೆ ಪಟ್ಟು ಹಿಡಿಯುತ್ತೇನೆ: ಹೊತ್ತನ್ನು ಉಳಿಸಿಕೊಳ್ಳಿ, ಧ್ರುವೀಕರಣವನ್ನು ಉಳಿಸಿಕೊಳ್ಳಿ, ಸರಾಸರಿ ಕೊನೆಗೆ ನೋಡಿಕೊಳ್ಳೋಣ.

ಮೊದಲು ಇವು ಏನು ಅಂತ ಚುಟುಕಾಗಿ. ಒಂದು ಶ್ವೇತ ಕುಬ್ಜ (ಉರಿದು ಮುಗಿದ ನಕ್ಷತ್ರದ ಪುಟ್ಟ, ದಟ್ಟ ತಿರುಳು), ಅದರ ಪಕ್ಕದಲ್ಲೇ ಒಂದು ಸಣ್ಣ ಕೆಂಪು ನಕ್ಷತ್ರ. ಎರಡೂ ಕೆಲವೇ ಗಂಟೆಗೆ ಒಂದು ಸುತ್ತು ಹೊಡೆಯುತ್ತವೆ, ಕೆಂಪು ನಕ್ಷತ್ರದಿಂದ ಅನಿಲ ಶ್ವೇತ ಕುಬ್ಜದ ಮೇಲೆ ಸುರಿಯುತ್ತದೆ. ಶ್ವೇತ ಕುಬ್ಜದ ಕಾಂತಕ್ಷೇತ್ರ ತುಂಬಾ ಬಲವಾಗಿದ್ದು, ಅನಿಲದ ತಟ್ಟೆ ಕಟ್ಟಲು ಬಿಡದೆ ನೇರವಾಗಿ ತನ್ನ ಧ್ರುವಕ್ಕೆ ಎಳೆದುಕೊಂಡರೆ ಅದನ್ನು ಪೋಲರ್ ಅನ್ನುತ್ತಾರೆ. ಕ್ಷೇತ್ರ ಸ್ವಲ್ಪ ಕಡಿಮೆ ಇದ್ದು, ಶ್ವೇತ ಕುಬ್ಜ ತನ್ನದೇ ವೇಗದಲ್ಲಿ ಗಿರಗಿರ ತಿರುಗುತ್ತಿದ್ದರೆ ಇಂಟರ್ಮೀಡಿಯೆಟ್ ಪೋಲರ್. ಪೋಲರ್‌ಗಳ ಹಿರಿಯಣ್ಣ ಎಎಂ ಹರ್ಕ್ಯುಲಿಸ್. ಅದರ ಸುತ್ತು 3.09 ಗಂಟೆಯದು, ದೂರ ಸುಮಾರು 88 ಪಾರ್ಸೆಕ್ (ಒಂದು ಪಾರ್ಸೆಕ್ ಅಂದರೆ 3.26 ಜ್ಯೋತಿರ್ವರ್ಷ).

ಈಗ ಒಂದು ಸಣ್ಣ ಲೆಕ್ಕ ಮಾಡೋಣ, ಯಾಕಂದ್ರೆ ಇದನ್ನು ಮಾಡದೆ ಮುಂದೆ ಹೋದರೆ ಯಾವ ಆವರ್ತನದಲ್ಲಿ ನೋಡಬೇಕು ಅನ್ನೋದೇ ಅರ್ಥ ಆಗಲ್ಲ. ಕಾಂತಕ್ಷೇತ್ರದ ಸುತ್ತ ಸುರುಳಿ ಸುತ್ತುವ ಎಲೆಕ್ಟ್ರಾನಿನ ಆವರ್ತನ, ಪ್ರತಿ ಗಾಸ್‌ಗೆ (ಕಾಂತಕ್ಷೇತ್ರದ ಅಳತೆಮಾನ) 2.8 ಮೆಗಾಹರ್ಟ್ಸ್. ಎಎಂ ಹರ್ಕ್ಯುಲಿಸ್‌ನ ಶ್ವೇತ ಕುಬ್ಜದ ಕ್ಷೇತ್ರ ಸುಮಾರು 1 ಕೋಟಿ 40 ಲಕ್ಷ ಗಾಸ್. ಗುಣಿಸಿ ನೋಡಿ, 39 ಟೆರಾಹರ್ಟ್ಸ್ ಬರುತ್ತದೆ. ಅದು ಇನ್ಫ್ರಾರೆಡ್, ರೇಡಿಯೊ ಅಲ್ಲವೇ ಅಲ್ಲ. ಈಗ ತಿರುಗಿಸಿ ಕೇಳಿ: 4.9 ಗಿಗಾಹರ್ಟ್ಸ್‌ನಲ್ಲಿ ಮಿಂಚು ಬಂದರೆ ಅದು ಹುಟ್ಟಿದ ಜಾಗದ ಕ್ಷೇತ್ರ ಎಷ್ಟು? 1,750 ಗಾಸ್. ಎರಡನೇ ಹಾರ್ಮೋನಿಕ್ (ಸುರುಳಿಯ ಆವರ್ತನದ ಎರಡರಷ್ಟು) ಆದರೆ ಅದರ ಅರ್ಧ, 875. ಇಷ್ಟು ಕ್ಷೇತ್ರ ಇರೋದು ಕೆಂಪು ನಕ್ಷತ್ರದ ಮೇಲ್ಮೈ ಹತ್ತಿರ, ಅದರ ಕೊರೋನಾದ (ಹೊರಗಿನ ಬಿಸಿ ಅನಿಲದ ಪದರ) ಕೆಳಭಾಗದಲ್ಲಿ. ಅಂದರೆ ಹೆಸರೇನೋ ಶ್ವೇತ ಕುಬ್ಜದ್ದು, ಆದರೆ ರೇಡಿಯೊದಲ್ಲಿ ನಾವು ಬಹಳ ಸಲ ನೋಡುತ್ತಿರುವುದು ಪಕ್ಕದ ಕೆಂಪು ನಕ್ಷತ್ರದ ಕಾಂತಕ್ಷೇತ್ರವನ್ನು. ಕೆಂಪು ನಕ್ಷತ್ರದ ಕ್ಷೇತ್ರವನ್ನು ಬೇರೆ ದಾರಿಯಲ್ಲಿ ಅಳೆಯುವುದು ಬಹಳ ಕಷ್ಟ, ಇಲ್ಲಿ ಒಂದು ಭಾಗಾಕಾರದಲ್ಲಿ ಅಂದಾಜು ಕೈಗೆ ಬರುತ್ತದೆ. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು.

ಇದರ ಹಿಂದಿನ ಕಥೆಯೂ ತಿಳಿದಿರಲಿ. 1982ರಲ್ಲಿ ಚನ್ಮುಗಂ ಮತ್ತು ಡಲ್ಕ್ ಅಮೆರಿಕದ ವಿಎಲ್‌ಎ ದೂರದರ್ಶಕದಲ್ಲಿ ಎಎಂ ಹರ್ಕ್ಯುಲಿಸ್ ಅನ್ನು 4.9 ಗಿಗಾಹರ್ಟ್ಸ್‌ನಲ್ಲಿ ಹಿಡಿದರು, ಸುಮಾರು 0.67 ಮಿಲಿಜಾನ್ಸ್ಕಿ (ಜಾನ್ಸ್ಕಿ ಅಂದರೆ ರೇಡಿಯೊ ಪ್ರಕಾಶದ ಅಳತೆಮಾನ). ಮರುವರ್ಷ ಡಲ್ಕ್, ಬಾಸ್ಟಿಯನ್, ಚನ್ಮುಗಂ ಒಂದು ಮಿಂಚನ್ನು ವರದಿ ಮಾಡಿದರು: ಸುಮಾರು 10 ಮಿಲಿಜಾನ್ಸ್ಕಿ, ಹತ್ತು ನಿಮಿಷದಷ್ಟು ಹೊತ್ತು, ಹೆಚ್ಚುಕಡಿಮೆ ನೂರಕ್ಕೆ ನೂರು ವೃತ್ತೀಯ ಧ್ರುವೀಕರಣ. ಅಷ್ಟು ಸಣ್ಣ ಜಾಗದಿಂದ ಅಷ್ಟು ಪ್ರಕಾಶ ಬರಬೇಕಾದರೆ ಅದರ ಪ್ರಕಾಶ ತಾಪಮಾನ (ಬರೀ ಬಿಸಿಯಿಂದಲೇ ಅಷ್ಟು ಪ್ರಕಾಶ ಬರಲು ಬೇಕಾಗುವ ಉಷ್ಣತೆ) ಸಾವಿರ ಕೋಟಿ ಕೆಲ್ವಿನ್‌ಗೂ ಜಾಸ್ತಿ ಇರಬೇಕು. ಬರೀ ಬಿಸಿಯಿಂದ ಇದು ಸಾಧ್ಯವಿಲ್ಲ. ಎಲೆಕ್ಟ್ರಾನುಗಳು ಒಟ್ಟಿಗೆ, ತಾಳ ಹಿಡಿದು ಹೊರಸೂಸಬೇಕು. ಅದೇ ಸೈಕ್ಲೊಟ್ರಾನ್ ಮೇಸರ್.

ಅದು ಒಂದು ನಕ್ಷತ್ರದ ವಿಚಿತ್ರ ಅಂತ ಬಹಳ ಕಾಲ ಅನ್ನಿಸುತ್ತಿತ್ತು. ಆಮೇಲೆ ಪಾಲ್ ಬ್ಯಾರೆಟ್ ಮತ್ತು ಸಂಗಡಿಗರು ನವೀಕರಿಸಿದ ವಿಎಲ್‌ಎಯಲ್ಲಿ 122 ಕಾಂತೀಯ ನಕ್ಷತ್ರಗಳನ್ನು ನೋಡಿ, 2020ರಲ್ಲಿ ಫಲಿತಾಂಶ ಕೊಟ್ಟರು. 33 ಸಿಕ್ಕವು. ಅದರಲ್ಲಿ 24ರ ಸಿಗ್ನಲ್ ಅಲ್ಪಕಾಲದ್ದು ಮತ್ತು ಬಲವಾದ ವೃತ್ತೀಯ ಧ್ರುವೀಕರಣದ್ದು. ಪ್ರಕಾಶ 6 ಮೈಕ್ರೊಜಾನ್ಸ್ಕಿಯಿಂದ 8 ಮಿಲಿಜಾನ್ಸ್ಕಿವರೆಗೆ. ಈ ವ್ಯಾಪ್ತಿಯನ್ನು ಗಮನಿಸಿ, ಸಾವಿರ ಪಟ್ಟಿಗೂ ಹೆಚ್ಚು. ಹಾಗಾಗಿ "ನನ್ನ ನಕ್ಷತ್ರ ಎಷ್ಟು ಪ್ರಕಾಶ ಕೊಡಬಹುದು" ಅಂತ ಮುಂಚೆಯೇ ಹೇಳೋದು ಕಷ್ಟ.

ಯಾವ ನಕ್ಷತ್ರದಿಂದ ಶುರು ಮಾಡಬೇಕು?

ಕೈ ಪಳಗಿಸಿಕೊಳ್ಳಲು ಎಇ ಅಕ್ವೇರಿಯೈ ತೆಗೆದುಕೊಳ್ಳಿ. ಇದು ಸುಮಾರು 90 ಪಾರ್ಸೆಕ್ ದೂರದಲ್ಲಿದೆ, ಆಕಾಶದಲ್ಲಿ ಸಮಭಾಜಕದ ಹತ್ತಿರವೇ ಇರೋದರಿಂದ ಎಲ್ಲ ದೊಡ್ಡ ದೂರದರ್ಶಕಗಳಿಗೂ ಸಿಗುತ್ತದೆ, ಕೆಲವು ಮಿಲಿಜಾನ್ಸ್ಕಿ ಮಟ್ಟದಲ್ಲಿ ಏರಿಳಿಯುತ್ತಾ ಇರುತ್ತದೆ. ಇದರ ಶ್ವೇತ ಕುಬ್ಜ 33.08 ಸೆಕೆಂಡಿಗೊಮ್ಮೆ ತಿರುಗುತ್ತದೆ, ಬಂದ ಅನಿಲದಲ್ಲಿ ಹೆಚ್ಚಿನ ಪಾಲನ್ನು ಹೊರಗೇ ಎಸೆಯುತ್ತದೆ. ಆದರೆ ಇದರ ಸ್ವಭಾವ ಬೇರೆ. ಇಲ್ಲಿನ ಸಿಗ್ನಲ್ ಮೇಸರ್ ಅಲ್ಲ, ಹಿಗ್ಗುತ್ತಾ ಹೋಗುವ ಎಲೆಕ್ಟ್ರಾನ್ ಮೋಡಗಳ ಸಿಂಕ್ರೊಟ್ರಾನ್, ಅಂದರೆ ಬೆಳಕಿನ ವೇಗದ ಹತ್ತಿರ ಓಡುವ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುತ್ತುವಾಗ ಹೊರಸೂಸುವುದು. ಹಾಗಾಗಿ ಧ್ರುವೀಕರಣಕ್ಕಿಂತ, ಬೇರೆಬೇರೆ ಆವರ್ತನದಲ್ಲಿ ಏರಿಳಿತ ಹಿಂದೆಮುಂದೆ ಆಗುತ್ತದೆಯಾ ಅಂತ ನೋಡೋದು ಮುಖ್ಯ.

ಎಆರ್ ಸ್ಕಾರ್ಪಿಯೈ ಇನ್ನೊಂದು. ಇದು ಬಹಳ ವರ್ಷ ಸಾಮಾನ್ಯ ಚರ ನಕ್ಷತ್ರ ಅಂತ ಪಟ್ಟಿಯಲ್ಲಿ ಬಿದ್ದಿತ್ತು. ಹವ್ಯಾಸಿ ವೀಕ್ಷಕರ ಕಣ್ಣಿಗೆ ಬಿದ್ದ ಮೇಲೆ ಕಥೆ ಬದಲಾಯಿತು. 2016ರಲ್ಲಿ ಮಾರ್ಷ್ ಮತ್ತು ಸಂಗಡಿಗರು ಇದು ರೇಡಿಯೊದಿಂದ ಅಲ್ಟ್ರಾವಯಲೆಟ್‌ವರೆಗೆ ಸುಮಾರು 1.97 ನಿಮಿಷಕ್ಕೊಮ್ಮೆ ಮಿಡಿಯುತ್ತದೆ ಅಂತ ತೋರಿಸಿದರು. 2023ರಲ್ಲಿ ಇದೇ ಜಾತಿಯ ಎರಡನೆಯದು ಸಿಕ್ಕಿತು, ಜೆ1912−4410, 5.3 ನಿಮಿಷದ ಮಿಡಿತ. ಅದು ತೀರಾ ದಕ್ಷಿಣದಲ್ಲಿದೆ, ಪುಣೆ ಹತ್ತಿರದ ನಮ್ಮ ಜಿಎಂಆರ್‌ಟಿ ರೇಡಿಯೊ ದೂರದರ್ಶಕದಿಂದ ನೋಡಿದರೆ ಅತಿ ಮೇಲೆ ಬಂದಾಗಲೂ 27 ಡಿಗ್ರಿ ಅಷ್ಟೇ. ಇವೆರಡೂ ಕಟ್ಟುನಿಟ್ಟಾಗಿ ಪೋಲರ್ ಪಟ್ಟಿಗೆ ಸೇರಲ್ಲ, ಆದರೆ ವಿಧಾನ ಕಲಿಯಲು ಚೆನ್ನ.

ಮನೆಯಲ್ಲೇ ಕೂತು ಮಾಡಬಹುದಾದದ್ದು

ದೂರದರ್ಶಕದ ಸಮಯ ಕೇಳುವ ಮೊದಲು ಈಗಾಗಲೇ ಇರುವ ಡೇಟಾ ನೋಡಿ. ದುಡ್ಡು ಬೇಡ, ಇಂಟರ್ನೆಟ್ ಸಾಕು. ಗಯಾ ಉಪಗ್ರಹದ ನಕ್ಷತ್ರ ಪಟ್ಟಿಯಿಂದ ನಕ್ಷತ್ರದ ಸ್ಥಾನ ಮತ್ತು ಅದು ವರ್ಷಕ್ಕೆ ಎಷ್ಟು ಜರುಗುತ್ತದೆ ಅನ್ನೋದನ್ನು ತೆಗೆದುಕೊಳ್ಳಿ, ಸ್ಥಾನವನ್ನು ವೀಕ್ಷಣೆಯ ದಿನಕ್ಕೆ ತನ್ನಿ. ಹತ್ತಿರದ ನಕ್ಷತ್ರಗಳು ಜರುಗುತ್ತಾ ಇರುತ್ತವೆ, ಹಳೇ ಪಟ್ಟಿಯ ಸ್ಥಾನ ನಂಬಬೇಡಿ. ಆಮೇಲೆ ವಿಎಲ್‌ಎ ಸ್ಕೈ ಸರ್ವೆಯ 2ರಿಂದ 4 ಗಿಗಾಹರ್ಟ್ಸ್ ಚಿತ್ರ, ಯುರೋಪಿನ ಲೋಫಾರ್ ದೂರದರ್ಶಕದ 144 ಮೆಗಾಹರ್ಟ್ಸ್ ಸರ್ವೆ, ಆಸ್ಟ್ರೇಲಿಯಾದ ಆಸ್ಕಾಪ್ ಸರ್ವೆ, ಇವನ್ನೆಲ್ಲ ತೆರೆದು ಅದೇ ಜಾಗ ನೋಡಿ. ವಿಎಲ್‌ಎ ಸರ್ವೆಯಲ್ಲಿ ಒಂದು ಜಾಗವನ್ನು ಕೆಲವೇ ಸೆಕೆಂಡು ನೋಡಿರುತ್ತಾರೆ. ಅಲ್ಲಿ ಕಾಣದಿದ್ದರೆ ಬೇಜಾರು ಬೇಡ, ಅದರಿಂದ ಏನೂ ಸಾಬೀತಾಗಲ್ಲ. ಲೋಫಾರ್‌ನವರದು ಗಂಟೆಗಟ್ಟಲೆ ನೋಡಿದ ಚಿತ್ರ, ವೃತ್ತೀಯ ಧ್ರುವೀಕರಣದ ಚಿತ್ರಗಳೂ ಸಿಗುತ್ತವೆ. ಅಲ್ಲಿಂದಲೇ ಶುರು ಮಾಡಿ ಅಂತ ನನ್ನ ಸಲಹೆ.

ಜಿಎಂಆರ್‌ಟಿಯ ಆನ್‌ಲೈನ್ ಸಂಗ್ರಹವೂ ಇದೆ. ಕಾಯ್ದಿರಿಸಿದ ಅವಧಿ ಮುಗಿದ ಮೇಲೆ ಯಾರು ಬೇಕಾದರೂ ಮೂಲ ಡೇಟಾ ಕೇಳಿ ಪಡೆಯಬಹುದು. ಬೇರೆ ಯಾರೋ ಗೆಲಾಕ್ಸಿಗಾಗಿ ನೋಡಿದ ಕ್ಷೇತ್ರದಲ್ಲಿ ನಿಮ್ಮ ನಕ್ಷತ್ರ ಮೂಲೆಯಲ್ಲಿ ಬಿದ್ದಿರಬಹುದು. ನೋಡುವುದರಲ್ಲಿ ತಪ್ಪಿಲ್ಲ, ಆದರೆ ಮೂಲೆಯಲ್ಲಿ ಧ್ರುವೀಕರಣ ನಂಬುವುದು ಕಷ್ಟ. ಅದರ ಬಗ್ಗೆ ಮುಂದೆ ಹೇಳ್ತೀನಿ.

ಸಮಯ ಕೇಳುವಾಗ

ಪುಣೆ ಹತ್ತಿರ ನಾರಾಯಣಗಾಂವ್ ಪಕ್ಕದ ಖೋಡದ್‌ನಲ್ಲಿರುವ ಜಿಎಂಆರ್‌ಟಿಯಲ್ಲಿ 45 ಮೀಟರ್ ಅಗಲದ 30 ತಟ್ಟೆಗಳಿವೆ. ವರ್ಷಕ್ಕೆ ಎರಡು ಸಲ ಅರ್ಜಿ ಕರೆಯುತ್ತಾರೆ, ಸಾಮಾನ್ಯವಾಗಿ ಜನವರಿ ಮತ್ತು ಜುಲೈನಲ್ಲಿ. ಎಎಂ ಹರ್ಕ್ಯುಲಿಸ್, ಎಇ ಅಕ್ವೇರಿಯೈ ಎರಡೂ ರಾತ್ರಿ ಹೊತ್ತು ಮೇಲಿರೋದು ಬೇಸಿಗೆಯಿಂದ ಮಳೆಗಾಲ ಮುಗಿಯುವವರೆಗೆ, ಹಾಗಾಗಿ ಇವಕ್ಕೆ ಜನವರಿಯ ಅರ್ಜಿ ಸರಿಹೋಗುತ್ತದೆ.

ಅರ್ಜಿಯಲ್ಲಿ ಒಂದು ವಿಷಯಕ್ಕೆ ಗಟ್ಟಿಯಾಗಿ ನಿಲ್ಲಿ: ಒಂದೇ ನಕ್ಷತ್ರ, ಸತತವಾಗಿ, ಕನಿಷ್ಠ ಒಂದೂವರೆ ಸುತ್ತು. ಎಎಂ ಹರ್ಕ್ಯುಲಿಸ್‌ಗೆ ಅದು ನಾಲ್ಕೂವರೆ ಗಂಟೆ ಚಿಲ್ಲರೆ, ಕ್ಯಾಲಿಬ್ರೇಟರ್‌ಗೆ (ಅಳತೆ ಸರಿಪಡಿಸಲು ನೋಡುವ, ಮೊದಲೇ ಗೊತ್ತಿರುವ ರೇಡಿಯೊ ಮೂಲ) ಹೋಗುವ ಹೊತ್ತೆಲ್ಲ ಸೇರಿ ಆರು ಗಂಟೆ ಕೇಳಿ. ಅದೇ ಆರು ಗಂಟೆಯಲ್ಲಿ ಹತ್ತು ನಕ್ಷತ್ರ ನೋಡಿಬಿಡೋಣ ಅನ್ನೋ ಆಸೆ ಬರುತ್ತದೆ, ಬಿಟ್ಟುಬಿಡಿ. ಮೇಸರ್‌ನ ಕಿರಣ ಒಂದು ದಿಕ್ಕಿಗೆ ಮಾತ್ರ ಹೋಗುತ್ತದೆ, ಜೋಡಿ ತಿರುಗುವಾಗ ನಮ್ಮ ಕಡೆ ಬಂದಾಗಷ್ಟೇ ಕಾಣುತ್ತದೆ. ಒಂದೂವರೆ ಸುತ್ತು ಯಾಕೆ ಅಂದ್ರೆ, ಒಂದು ಕಡೆ ಮಿಂಚು ಕಂಡರೆ ಅದೇ ಜಾಗ ಮತ್ತೆ ಬಂದಾಗ ಅದು ಮರುಕಳಿಸಿತಾ ಅಂತ ನೋಡುವ ಅವಕಾಶ ಇರಬೇಕು.

ಬ್ಯಾಂಡ್ ಆರಿಸುವಾಗ ಬಹಳ ಜನ ಗಮನ ಕೊಡದ ಒಂದು ವಿಷಯ ಇದೆ. ಜಿಎಂಆರ್‌ಟಿಯ ಬ್ಯಾಂಡ್ 3 (250–500 ಮೆಗಾಹರ್ಟ್ಸ್) ಮತ್ತು ಬ್ಯಾಂಡ್ 4 (550–850) ಫೀಡ್‌ಗಳು (ತಟ್ಟೆಯ ನಾಭಿಯಲ್ಲಿ ಸಿಗ್ನಲ್ ಹಿಡಿಯುವ ಆಂಟೆನಾಗಳು) ವೃತ್ತೀಯ. ಬಲ ಮತ್ತು ಎಡ ನೇರವಾಗಿ ಬೇರೆಬೇರೆ ಬರುತ್ತವೆ, ಒಂದರಿಂದ ಇನ್ನೊಂದು ಕಳೆದು ಎರಡರಿಂದ ಭಾಗಿಸಿದರೆ ಸ್ಟೋಕ್ಸ್ ವಿ, ಅಂದರೆ ವೃತ್ತೀಯ ಧ್ರುವೀಕರಣದ ಅಳತೆ, ಸಿಕ್ಕಿತು. ಬ್ಯಾಂಡ್ 5 (1,050–1,450) ರೇಖೀಯ. ಅಲ್ಲಿ ವಿ ಅಡಗಿರೋದು ಎರಡು ಫೀಡ್‌ಗಳ ಅಡ್ಡ ಗುಣಲಬ್ಧದಲ್ಲಿ. ಪೂರ್ತಿ ಧ್ರುವೀಕರಣ ದಾಖಲಿಸದೆ, ಎರಡರ ನಡುವಿನ ಅಲೆಯ ಹಂತದ ವ್ಯತ್ಯಾಸ (ಅಡ್ಡ ಫೇಸ್) ಸರಿಪಡಿಸದೆ ಹೋದರೆ ವಿ ಸಿಗೋದೇ ಇಲ್ಲ. ಹಾಗಾಗಿ ಮೊದಲ ಸಲ ಮಾಡುವವರಿಗೆ ಬ್ಯಾಂಡ್ 4 ಅಂತ ಕಣ್ಣುಮುಚ್ಚಿ ಹೇಳ್ತೀನಿ. ಅಲ್ಲಿ 650 ಮೆಗಾಹರ್ಟ್ಸ್ ಅಂದ್ರೆ 232 ಗಾಸ್, ಎರಡನೇ ಹಾರ್ಮೋನಿಕ್ ಆದರೆ 116, ಕೊರೋನಾದಲ್ಲಿ ಇನ್ನೂ ಮೇಲಿನ ಪದರ. ಕೆಳಗಿನ ಪದರ ಬೇಕಾದರೆ ವಿಎಲ್‌ಎಯ 4ರಿಂದ 8 ಗಿಗಾಹರ್ಟ್ಸ್ ಬ್ಯಾಂಡ್. ಅದರ ಫೀಡ್‌ಗಳೂ ವೃತ್ತೀಯ.

ಡೇಟಾ ದಾಖಲಾಗುವ ಅವಧಿಯನ್ನೂ ಅರ್ಜಿಯಲ್ಲೇ ಬರೆಯಿರಿ. ಸಾಧಾರಣ ಪೋಲರ್‌ಗೆ 8 ಸೆಕೆಂಡು ಧಾರಾಳವಾಯಿತು. ಎಇ ಅಕ್ವೇರಿಯೈನ 33 ಸೆಕೆಂಡಿನ ತಿರುಗುವಿಕೆ ಹುಡುಕಬೇಕಾದರೆ 8 ಸೆಕೆಂಡಿನಲ್ಲಿ ಒಂದು ಸುತ್ತಿಗೆ ನಾಲ್ಕೇ ಬಿಂದು ಬರುತ್ತದೆ, 2 ಸೆಕೆಂಡು ಕೇಳಿ.

ಅದೇ ರಾತ್ರಿ ಕಣ್ಣಿಗೆ ಕಾಣುವ ಬೆಳಕಿನಲ್ಲೂ ಯಾರಾದರೂ ನೋಡುತ್ತಿದ್ದರೆ ಬಹಳ ಒಳ್ಳೆಯದು. ಪೋಲರ್‌ಗಳಲ್ಲಿ ಅನಿಲದ ಹರಿವು ಕೆಲವು ಸಲ ನಿಂತುಹೋಗುತ್ತದೆ, ಎಎಂ ಹರ್ಕ್ಯುಲಿಸ್ ಆಗ 13ರಿಂದ 15ನೇ ಕಾಂತಿಮಾನಕ್ಕೆ ಇಳಿಯುತ್ತದೆ (ಅಂಕಿ ಹೆಚ್ಚಾದಷ್ಟೂ ಮಂಕು). ರೇಡಿಯೊ ಮಿಂಚು ಬಂದಾಗ ನಕ್ಷತ್ರ ಯಾವ ಸ್ಥಿತಿಯಲ್ಲಿತ್ತು ಅಂತ ಗೊತ್ತಿರಬೇಕಲ್ವಾ? ಲಡಾಖ್‌ನ ಹಾನ್ಲೆಯ 2 ಮೀಟರ್ ದೂರದರ್ಶಕವನ್ನು ನಮ್ಮ ಹೊಸಕೋಟೆಯ ಕ್ರೆಸ್ಟ್ ಆವರಣದಿಂದಲೇ ನಡೆಸುತ್ತಾರೆ, ಅದಕ್ಕೂ ಅರ್ಜಿ ಹಾಕಬಹುದು. ಅದು ಸಿಗದಿದ್ದರೂ 13ನೇ ಕಾಂತಿಮಾನ ಅಂದರೆ 8 ಇಂಚಿನ ದೂರದರ್ಶಕ, ಒಂದು ಕ್ಯಾಮೆರಾ ಇರುವ ಹವ್ಯಾಸಿಗಳ ಕೈಗೂ ಎಟುಕುತ್ತದೆ. ಚರ ನಕ್ಷತ್ರ ವೀಕ್ಷಕರ ಸಂಘವಾದ ಎಎವಿಎಸ್‌ಒ ಸಂಗ್ರಹದಲ್ಲಿ ಇಂಥವರ ಅಳತೆಗಳೇ ತುಂಬಿವೆ, ನಿಮ್ಮ ದಿನಾಂಕದ ಅಳತೆ ಅಲ್ಲಿ ಇದೆಯಾ ಅಂತ ತಪ್ಪದೆ ನೋಡಿ.

ಡೇಟಾ ಬಂದ ಮೇಲೆ

ಮೊದಲ ಹಂತ ಮಾಮೂಲಿ. 3ಸಿ48, 3ಸಿ147, 3ಸಿ286 ಎಂಬ ಪ್ರಕಾಶ ಗೊತ್ತಿರುವ ಮೂಲಗಳಲ್ಲಿ ಒಂದರಿಂದ ಪ್ರಕಾಶದ ಅಳತೆ, ಹತ್ತಿರದ ಫೇಸ್ ಕ್ಯಾಲಿಬ್ರೇಟರ್‌ನಿಂದ ಫೇಸ್, ಮೊಬೈಲು-ಟಿವಿಗಳ ಗದ್ದಲ ತೆಗೆಯೋದು. ಕಾಸಾ ಸಾಫ್ಟ್‌ವೇರ್ ಸಾಕು. ಜಿಎಂಆರ್‌ಟಿಗಾಗಿಯೇ ಬರೆದ ಕ್ಯಾಪ್ಚರ್ ಪೈಪ್‌ಲೈನ್ ಈ ಕೆಲಸದ ಹೆಚ್ಚಿನ ಭಾಗವನ್ನು ತಾನೇ ಮಾಡುತ್ತದೆ. ಇದರ ಬಗ್ಗೆ ಜಾಸ್ತಿ ಹೇಳಲ್ಲ, ಒಳ್ಳೆಯ ಪಾಠಗಳು ಬೇಕಾದಷ್ಟಿವೆ. ಒಂದು ಎಚ್ಚರ ಮಾತ್ರ: ತಾನಾಗಿ ಕಸ ತೆಗೆಯುವ ಪ್ರೋಗ್ರಾಮಿಗೆ ಚಿಕ್ಕ, ಜೋರಾದ, ಧ್ರುವೀಕೃತ ಸಿಗ್ನಲ್ ಅಂದರೆ ಕಸ ಅಂತಲೇ ಲೆಕ್ಕ. ನಾವು ಹುಡುಕುತ್ತಿರುವುದೂ ಹಾಗೇ ಇರುತ್ತದೆ. ನಕ್ಷತ್ರದ ಸ್ಕ್ಯಾನ್‌ಗಳಲ್ಲಿ ಅದನ್ನು ಮೆತ್ತಗೆ ಓಡಿಸಿ.

ಆಮೇಲೆ ಇಡೀ ಡೇಟಾದ ಒಂದು ಆಳವಾದ ಚಿತ್ರ ಮಾಡಿ. ಇದು ನಕ್ಷತ್ರಕ್ಕಾಗಿ ಅಲ್ಲ, ಸುತ್ತಲಿನ ಗೆಲಾಕ್ಸಿಗಳಿಗಾಗಿ. ಅವುಗಳ ಮಾಡೆಲ್ ಸಿಕ್ಕ ಮೇಲೆ ಡೇಟಾದಿಂದ ಕಳೆಯಬೇಕು. ಕಳೆಯುವ ಮುಂಚೆ ಆ ಮಾಡೆಲ್‌ನಲ್ಲಿ ನಿಮ್ಮ ನಕ್ಷತ್ರ ಸೇರಿಕೊಂಡಿದೆಯಾ ನೋಡಿ, ಸೇರಿದ್ದರೆ ಅದನ್ನು ಅಳಿಸಿ, ಇಲ್ಲದಿದ್ದರೆ ಅದೂ ಕಳೆದುಹೋಗುತ್ತದೆ. ಈಗ ಉಳಿದ ಡೇಟಾದ ಕೇಂದ್ರವನ್ನು ಗಯಾ ಸ್ಥಾನಕ್ಕೆ ಸರಿಸಿ, ಎಲ್ಲ ಬೇಸ್‌ಲೈನ್‌ಗಳನ್ನು (ಎರಡೆರಡು ತಟ್ಟೆಗಳ ಜೋಡಿಗಳು) ಕೂಡಿಸಿ ಸರಾಸರಿ ತೆಗೆದು, ಬಲ ಮತ್ತು ಎಡಕ್ಕೆ ಬೇರೆಬೇರೆಯಾಗಿ ಹೊತ್ತಿನ ಜೊತೆ ಗ್ರಾಫ್ ಹಾಕಿ. ತೀರಾ ಗಿಡ್ಡ ಬೇಸ್‌ಲೈನ್‌ಗಳನ್ನು ಬಿಟ್ಟುಬಿಡಿ, ಗದ್ದಲ ಕೂರೋದು ಅಲ್ಲೇ. ಈ ಸರಾಸರಿ ಒಂದು ಸಂಕೀರ್ಣ ಸಂಖ್ಯೆ, ಅದರ ರಿಯಲ್ ಭಾಗ ನಿಮ್ಮ ನಕ್ಷತ್ರದ ಪ್ರಕಾಶ. ಇಮ್ಯಾಜಿನರಿ ಭಾಗ ಸೊನ್ನೆಯ ಸುತ್ತಲೇ ಅಲ್ಲಾಡುತ್ತಿರಬೇಕು. ಅಲ್ಲೂ ಉಬ್ಬು ಕಂಡರೆ ಅದು ನಿಮ್ಮ ನಕ್ಷತ್ರದಿಂದ ಬಂದದ್ದಲ್ಲ.

ಗ್ರಾಫನ್ನು 1 ನಿಮಿಷ, 5 ನಿಮಿಷ, 10 ನಿಮಿಷ, ಹೀಗೆ ಹಲವು ಅವಧಿಗೆ ಹಾಕಿ ನೋಡಿ. ಯಾಕೆ ಅನ್ನೋದಕ್ಕೆ ಇನ್ನೊಂದು ಲೆಕ್ಕ. ನಾಲ್ಕು ಗಂಟೆಯ ಚಿತ್ರದಲ್ಲಿ ಗದ್ದಲ (ಇಲ್ಲಿ ಮೊಬೈಲು-ಟಿವಿಯದಲ್ಲ, ಹಿನ್ನೆಲೆಯ ಸಹಜ ಏರಿಳಿತ) 15 ಮೈಕ್ರೊಜಾನ್ಸ್ಕಿ ಅಂದುಕೊಳ್ಳಿ. 300 ಮೈಕ್ರೊಜಾನ್ಸ್ಕಿಯ ಮಿಂಚು ಹತ್ತು ನಿಮಿಷ ಬಂತು. ನಾಲ್ಕು ಗಂಟೆಗೆ ಸರಾಸರಿ ಮಾಡಿದರೆ ಅದು 12.5ಕ್ಕೆ ಇಳಿಯುತ್ತದೆ, ಗದ್ದಲಕ್ಕಿಂತ ಕಡಿಮೆ, ಕಾಣೋದೇ ಇಲ್ಲ. ಅದೇ ಹತ್ತು ನಿಮಿಷವನ್ನು ಬೇರೆ ತೆಗೆದು ನೋಡಿದರೆ ಗದ್ದಲ 73ಕ್ಕೆ ಏರುತ್ತದೆ ನಿಜ, ಆದರೆ 300 ಅದರ ನಾಲ್ಕು ಪಟ್ಟು. ಅದೇ ಡೇಟಾ, ಒಂದು ದಾರಿಯಲ್ಲಿ ಶೂನ್ಯ, ಇನ್ನೊಂದು ದಾರಿಯಲ್ಲಿ ಮಿಂಚು.

ನಾಲ್ಕು ಪಟ್ಟು ಸಾಕಾ? ಒಟ್ಟು ಪ್ರಕಾಶದಲ್ಲಿ ಆದರೆ ನಾನು ಅನುಮಾನಪಡುತ್ತೇನೆ. ಅಷ್ಟೊಂದು ಕಿಟಕಿಗಳಲ್ಲಿ ಹುಡುಕಿದಾಗ ಒಂದು ಸಲ ಗದ್ದಲವೇ ಅಷ್ಟು ಏರಬಹುದು, ಸುತ್ತ ನೂರಾರು ಗೆಲಾಕ್ಸಿಗಳಿವೆ, ಅವುಗಳನ್ನು ಎಷ್ಟೇ ಚೆನ್ನಾಗಿ ಕಳೆದರೂ ಉಳಿಕೆ ಇರುತ್ತದೆ, ಭೂಮಿ ತಿರುಗಿದಂತೆ ಆ ಉಳಿಕೆ ನಿಧಾನವಾಗಿ ಅಲೆಯ ಹಾಗೆ ಏರಿಳಿದು ಥೇಟ್ ಮೂರು ಗಂಟೆಯ ಸುತ್ತಿನ ಏರಿಳಿತದಂತೆ ಕಂಡು ಮೋಸ ಮಾಡುತ್ತದೆ. ಸ್ಟೋಕ್ಸ್ ವಿ ಹಾಗಲ್ಲ. ಗೆಲಾಕ್ಸಿಗಳಲ್ಲಿ ವೃತ್ತೀಯ ಧ್ರುವೀಕರಣ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ವಿ ಆಕಾಶ ಹೆಚ್ಚುಕಡಿಮೆ ಖಾಲಿ. ಅಲ್ಲಿ ಸರಿಯಾದ ಸ್ಥಾನದಲ್ಲಿ, ಹತ್ತು ನಿಮಿಷ ಮಾತ್ರ ಒಂದು ಚುಕ್ಕೆ ಎದ್ದರೆ ಅದಕ್ಕೆ ತೂಕ ಜಾಸ್ತಿ.

ಹಾಗಂತ ವಿ ಅನ್ನೂ ಪರೀಕ್ಷೆ ಇಲ್ಲದೆ ಒಪ್ಪಬೇಡಿ. ಬಲ ಮತ್ತು ಎಡದ ಅಳತೆಯಲ್ಲಿ ಶೇ 5ರಷ್ಟು ಹೊಂದಿಕೆ ತಪ್ಪಿದ್ದರೆ ಎಲ್ಲ ಗೆಲಾಕ್ಸಿಗಳಿಗೂ ಶೇ 2.5ರಷ್ಟು ಸುಳ್ಳು ವಿ ಬರುತ್ತದೆ. ಚಿತ್ರದ ಅಂಚಿಗೆ ಹೋದಂತೆ ಈ ಸೋರಿಕೆ ಇನ್ನೂ ಹೆಚ್ಚು, ಅದಕ್ಕೇ ಮೂಲೆಯಲ್ಲಿ ಬಿದ್ದ ನಕ್ಷತ್ರದ ಧ್ರುವೀಕರಣ ನಂಬುವುದು ಕಷ್ಟ ಅಂದಿದ್ದು. ಹತ್ತಿರದ ನಾಲ್ಕೈದು ಜೋರಾದ ಗೆಲಾಕ್ಸಿಗಳಿಗೆ ವಿ ಎಷ್ಟು ಬಂತು ನೋಡಿ, ನಿಮ್ಮ ನಕ್ಷತ್ರದ ಪ್ರಮಾಣ ಅದಕ್ಕಿಂತ ಬಹಳ ಮೇಲಿರಬೇಕು. ಪಕ್ಕದ ಖಾಲಿ ಜಾಗಕ್ಕೂ ಇದೇ ಗ್ರಾಫ್ ಹಾಕಿ, ಅಲ್ಲೂ ಅದೇ ಹೊತ್ತಿಗೆ ಉಬ್ಬು ಇದ್ದರೆ ಅದು ಗದ್ದಲ. ತಟ್ಟೆಗಳನ್ನು ಎರಡು ಗುಂಪು ಮಾಡಿ ಎರಡರಲ್ಲೂ ಮಿಂಚು ಇದೆಯಾ ನೋಡಿ. ಬಲ ಯಾವುದು, ಎಡ ಯಾವುದು ಅನ್ನೋ ಚಿಹ್ನೆ ದೂರದರ್ಶಕದಿಂದ ದೂರದರ್ಶಕಕ್ಕೆ ತಿರುಗಿಬಿಡಬಹುದು. ಸಿಯು ವರ್ಜಿನಿಸ್ ಎಂಬ ನಕ್ಷತ್ರದ ಮಿಡಿತಗಳು 1.4 ಗಿಗಾಹರ್ಟ್ಸ್ ಸುತ್ತ ಬಲ ವೃತ್ತೀಯ ಅಂತ ಚೆನ್ನಾಗಿ ಗೊತ್ತಿದೆ, ಅದರ ಹಳೇ ಡೇಟಾ ಇಟ್ಟುಕೊಂಡು ನಿಮ್ಮ ಚಿಹ್ನೆ ಸರಿನೋಡಿ. ಈ ಚಿಹ್ನೆಯಿಂದಲೇ ಮಿಂಚು ಕಾಂತಕ್ಷೇತ್ರದ ಯಾವ ಧ್ರುವದ ಕಡೆಯದು ಅಂತ ಹೇಳೋದು, ತಿರುಗುಮುರುಗಾದರೆ ತೀರ್ಮಾನವೂ ತಿರುಗುಮುರುಗು.

ಹೊತ್ತಿನ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನಿಸಿ. ಭೂಮಿ ಸೂರ್ಯನ ಸುತ್ತ ಹೋಗುವುದರಿಂದ ಸಿಗ್ನಲ್ ನಮಗೆ ತಲುಪುವ ಹೊತ್ತು ವರ್ಷದಲ್ಲಿ 499 ಸೆಕೆಂಡಿನಷ್ಟು ಹಿಂದಕ್ಕೂ ಅಷ್ಟೇ ಮುಂದಕ್ಕೂ ಹೋಗಬಹುದು. ಎಆರ್ ಸ್ಕಾರ್ಪಿಯೈನ ಮಿಡಿತ 118 ಸೆಕೆಂಡು. ಅಂದರೆ ನಾಲ್ಕು ಮಿಡಿತಕ್ಕೂ ಜಾಸ್ತಿ ತಪ್ಪು. ಹಾಗಾಗಿ ಎಲ್ಲ ಹೊತ್ತನ್ನೂ ಸೌರಮಂಡಲದ ಗುರುತ್ವ ಕೇಂದ್ರಕ್ಕೆ ತನ್ನಿ, ಆಸ್ಟ್ರೊಪೈ ಎಂಬ ಪೈಥಾನ್ ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ನಾಲ್ಕೈದು ಸಾಲು ಸಾಕು. ಅದರಲ್ಲೂ ಯುಟಿಸಿಯೋ (ಗಡಿಯಾರದ ಜಾಗತಿಕ ಸಮಯ) ಟಿಡಿಬಿಯೋ (ಆ ಕೇಂದ್ರಕ್ಕೆ ಲೆಕ್ಕ ಹಾಕುವ ಸಮಯ) ನೋಡಿಕೊಳ್ಳಿ, ಇವತ್ತಿಗೆ ಎರಡರ ನಡುವೆ 69 ಸೆಕೆಂಡು ಅಂತರ ಇದೆ, ಎಇ ಅಕ್ವೇರಿಯೈಗೆ ಅದು ಎರಡು ಪೂರ್ತಿ ತಿರುಗುವಿಕೆ. ಜಿಎಂಆರ್‌ಟಿಯ ವೇಳಾಪಟ್ಟಿ ಭಾರತೀಯ ಸಮಯದಲ್ಲಿರುತ್ತದೆ, ಐದೂವರೆ ಗಂಟೆ ಕಳೆಯೋದು ಮರೆಯಬೇಡಿ.

ಸುತ್ತಿನ ಹಂತಕ್ಕೆ ಮಡಿಸುವಾಗ (ಎಲ್ಲ ಸುತ್ತುಗಳನ್ನು ಒಂದರ ಮೇಲೊಂದು ಇಡುವಾಗ) ಸೊನ್ನೆ ಎಲ್ಲಿಂದ ಅನ್ನೋದನ್ನೂ ಓದಿ. ಎಎಂ ಹರ್ಕ್ಯುಲಿಸ್‌ಗೆ ಕೆಲವರು ಬೆಳಕಿನ ರೇಖೀಯ ಧ್ರುವೀಕರಣ ಏರುವ ಕ್ಷಣವನ್ನು ಸೊನ್ನೆ ಅನ್ನುತ್ತಾರೆ, ಕೆಲವರು ಕೆಂಪು ನಕ್ಷತ್ರ ಶ್ವೇತ ಕುಬ್ಜಕ್ಕಿಂತ ಮುಂದೆ, ನಮ್ಮ ಕಡೆ ಇರುವ ಕ್ಷಣವನ್ನು. ಎರಡನ್ನೂ ಬೆರೆಸಿದರೆ ಮಿಂಚು ಕೆಂಪು ನಕ್ಷತ್ರದ ಯಾವ ಮುಖದಿಂದ ಬಂತು ಅನ್ನೋದೇ ತಪ್ಪಾಗುತ್ತದೆ.

ಫಲಿತಾಂಶ ಬರೆಯುವಾಗ

ಮಿಂಚು ಸಿಕ್ಕರೆ ಅದನ್ನು ಹೊತ್ತು-ಆವರ್ತನದ ಚಿತ್ರವಾಗಿಯೂ ಹಾಕಿ. ಯಾವುದೋ ಒಂದು ಆವರ್ತನದ ಮೇಲೆ ಸಿಗ್ನಲ್ ಚಕ್ಕನೆ ನಿಂತಿದ್ದರೆ ಅದನ್ನು 2.8ರಿಂದ ಭಾಗಿಸಿ, ಆ ಜಾಗದ ಹೆಚ್ಚಿನ ಕ್ಷೇತ್ರದ ಅಂದಾಜು ಸಿಕ್ಕಿತು. ಹಾರ್ಮೋನಿಕ್ ಒಂದೋ ಎರಡೋ ಗೊತ್ತಿಲ್ಲದಿದ್ದರೆ ಎರಡು ಉತ್ತರವನ್ನೂ ಕೊಡಿ.

ಸಿಗದಿದ್ದರೂ ಬರೆಯಿರಿ. ಆದರೆ ಬರೀ "45 ಮೈಕ್ರೊಜಾನ್ಸ್ಕಿಗಿಂತ ಕಡಿಮೆ" ಅಂತ ಒಂದು ಅಂಕಿ ಕೊಟ್ಟರೆ ಉಪಯೋಗ ಕಡಿಮೆ. ಇಡೀ ವೀಕ್ಷಣೆಗೆ ಮಿತಿ ಎಷ್ಟು, ಹತ್ತು ನಿಮಿಷಕ್ಕೆ ಎಷ್ಟು, ಒಂದು ನಿಮಿಷಕ್ಕೆ ಎಷ್ಟು, ಒಟ್ಟು ಪ್ರಕಾಶಕ್ಕೆ ಮತ್ತು ವಿಗೆ ಬೇರೆಬೇರೆಯಾಗಿ, ಸುತ್ತಿನ ಯಾವ ಭಾಗ ನೋಡಿದ್ದಿರಿ, ಯಾವ ಭಾಗ ಕ್ಯಾಲಿಬ್ರೇಟರ್ ನೋಡುತ್ತಿದ್ದಾಗ ತಪ್ಪಿಹೋಯಿತು, ನಕ್ಷತ್ರ ಆ ರಾತ್ರಿ ಬೆಳಕಿನಲ್ಲಿ ಏರಿತ್ತೋ ಇಳಿದಿತ್ತೋ, ಇದೆಲ್ಲ ಇರಲಿ. ಜೊತೆಗೆ ಹೊತ್ತು, ಬಲ, ಎಡ, ಅವುಗಳ ದೋಷ, ಇಷ್ಟು ಕಾಲಂ ಇರುವ ಒಂದು ಸಾದಾ ಟೆಕ್ಸ್ಟ್ ಫೈಲನ್ನು ಎಲ್ಲರಿಗೂ ಸಿಗುವ ಹಾಗೆ ಹಾಕಿ. ಸರಾಸರಿ ಮಾಡದ್ದನ್ನೇ ಹಾಕಿ.